ಐದುರ್ ಗುಡ್ಯೋನ್ಸೆನ್

ಐದುರ್ ಸ್ಮಾರಿ ಗುಡ್ಯೋನ್ಸೆನ್ (ಜನನ: 15 ಸೆಪ್ಟೆಂಬರ್ 1978, ರೇಕ್ಯಾವಿಕ್) ಐಸ್‌ಲ್ಯಾಂಡಿನ ಮಾಜಿ ಫುಟ್‌ಬಾಲ್ ಆಟಗಾರ. 1996ರಿಂದ 2016ರವರೆಗೆ ರಾಷ್ಟ್ರೀಯ ತಂಡದ ಪರವಾಗಿ 88 ಪಂದ್ಯಗಳನ್ನಾಡಿ 26 ಗೋಲು ಹೊಡೆದವರು. ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿನಲ್ಲಿದ್ದಾಗ ಎರಡು ಸಲ ಪ್ರೀಮಿಯರ್ ಲೀಗ್ ಗೆದ್ದರು. ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನಲ್ಲಿದ್ದಾಗ 2009ರ ಚಾಂಪಿಯನ್ಸ್ ಲೀಗ್ ಗೆದ್ದು, ಆ ಪದಕ ಪಡೆದ ಮೊದಲ ಐಸ್‌ಲ್ಯಾಂಡಿಗರೆನಿಸಿದರು. ಐಸ್‌ಲ್ಯಾಂಡಿನಲ್ಲಿ ಎಲ್ಲರನ್ನೂ ಮೊದಲ ಹೆಸರಿನಿಂದಲೇ ಕರೆಯುವುದು ರೂಢಿ. ಈ ಲೇಖನದಲ್ಲಿಯೂ ಅವರನ್ನು ಐದುರ್ ಎಂದೇ ಕರೆದಿದೆ.

ಸಣ್ಣ ದೇಶದಲ್ಲಿ ಹುಟ್ಟಿದ ದೊಡ್ಡ ಆಟಗಾರರು ಹಲವರಿದ್ದಾರೆ. ಅವರಲ್ಲಿ ಬಹುಪಾಲು ಜನ ವಿಶ್ವಕಪ್ಪನ್ನಾಗಲಿ ಖಂಡಮಟ್ಟದ ದೊಡ್ಡ ಟೂರ್ನಿಯನ್ನಾಗಲಿ ಆಡದೆಯೇ ನಿವೃತ್ತರಾದರು. ಐದುರ್ ಅವರಿಗೂ ಅದೇ ಆಗುವುದರಲ್ಲಿತ್ತು. ಅವರು ಯುರೋಪಿನ ಅತ್ಯುತ್ತಮ ಕ್ಲಬ್ಬುಗಳಲ್ಲಿ ಆಡುತ್ತಿದ್ದಾಗ ಐಸ್‌ಲ್ಯಾಂಡ್ ತಂಡಕ್ಕೆ ಅವರ ಜೊತೆ ಹೆಜ್ಜೆ ಹಾಕುವ ಶಕ್ತಿ ಇರಲಿಲ್ಲ. ತಂಡಕ್ಕೆ ಆ ಶಕ್ತಿ ಬಂದಾಗ ಅವರ ಕಾಲುಗಳು ಸೋತಿದ್ದವು. ಕೊನೆಗೆ ಅವರು 37ನೇ ವಯಸ್ಸಿನಲ್ಲಿ, ಎರಡು ಪಂದ್ಯಗಳಲ್ಲಿ ಬದಲಿ ಆಟಗಾರರಾಗಿ ಸ್ವಲ್ಪ ಸ್ವಲ್ಪ ಹೊತ್ತು, ಯುರೋ ಟೂರ್ನಿಯ ಅಂಗಳದಲ್ಲಿ ಆಡಿದರು. ಅವರ ವೃತ್ತಿಜೀವನ ಅರ್ಥವಾಗಬೇಕಾದರೆ ಕ್ಲಬ್ ಪ್ರಶಸ್ತಿಗಳಿಗಿಂತ ಮೊದಲು ಈ ಹೊಂದದ ಕಾಲವನ್ನು ಗಮನಿಸಬೇಕು.

ಹಿನ್ನೆಲೆ

ಐದುರ್ ರಾಷ್ಟ್ರೀಯ ತಂಡಕ್ಕೆ ಬಂದ 1996ರಲ್ಲಿ ಐಸ್‌ಲ್ಯಾಂಡಿನ ಜನಸಂಖ್ಯೆ ಮೂರು ಲಕ್ಷವನ್ನೂ ಮುಟ್ಟಿರಲಿಲ್ಲ. ಅಲ್ಲಿನ ಲೀಗ್ ನಡೆಯುವುದು ಬೇಸಿಗೆಯಲ್ಲಿ ಮಾತ್ರ. ಚಳಿಗಾಲದಲ್ಲಿ ಹಿಮ, ಕತ್ತಲೆ, ಗಾಳಿ. 1946ರಲ್ಲಿ ಡೆನ್ಮಾರ್ಕ್ ವಿರುದ್ಧ ಮೊದಲ ಅಂತಾರಾಷ್ಟ್ರೀಯ ಪಂದ್ಯ ಆಡಿದ ಈ ತಂಡ 1967ರಲ್ಲಿ ಅದೇ ಡೆನ್ಮಾರ್ಕ್ ಕೈಯಲ್ಲಿ 14–2ರಿಂದ ಸೋತಿತ್ತು. ಆ ಅಂಕಿಗಳನ್ನು ಅಲ್ಲಿನ ಹಿರಿಯರು ಈಗಲೂ ಮರೆತಿಲ್ಲ.

ತಂಡ ದುರ್ಬಲವಾಗಿದ್ದರೂ ಆಟಗಾರರಿಗೆ ಕೊರತೆಯಿರಲಿಲ್ಲ. ಆಲ್ಬರ್ಟ್ ಗುಡ್ಮುಂಡ್ಸನ್ ಎರಡನೇ ಮಹಾಯುದ್ಧದ ನಂತರ ಆರ್ಸೆನಲ್ ಮತ್ತು ಎ.ಸಿ. ಮಿಲಾನ್ ಕ್ಲಬ್ಬುಗಳಿಗೆ ಆಡಿ, ಮುಂದೆ ದೇಶದ ಹಣಕಾಸು ಸಚಿವರೂ ಆದರು. ಅಕ್ರಾನೆಸ್ ಊರಿನ ರಿಕ್ಹಾರ್ಡುರ್ ಯೋನ್ಸನ್ 1951ರಲ್ಲಿ ಸ್ವೀಡನ್ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದರು. ಅವರ ಒಟ್ಟು 17 ಗೋಲುಗಳ ದಾಖಲೆ ದಶಕಗಳ ಕಾಲ ನಿಂತಿತು. ಆಸ್ಗೇರ್ ಸಿಗುರ್ವಿನ್ಸನ್ 1984ರಲ್ಲಿ ಸ್ಟಟ್‌ಗಾರ್ಟ್ ಕ್ಲಬ್ಬನ್ನು ಜರ್ಮನಿಯ ಚಾಂಪಿಯನ್ ಪಟ್ಟಕ್ಕೇರಿಸಿದ ಆಟಗಾರ. ಪ್ರತಿಭಾವಂತ ಹುಡುಗ ಹದಿಹರೆಯದಲ್ಲೇ ಬೆಲ್ಜಿಯಂಗೋ ಹಾಲೆಂಡಿಗೋ ಹೊರಡುವುದು, ರಾಷ್ಟ್ರೀಯ ತಂಡದ ಪಂದ್ಯವಿದ್ದಾಗ ವಿಮಾನ ಹತ್ತಿ ಊರಿಗೆ ಬರುವುದು, ಇದೇ ಕ್ರಮವಾಗಿತ್ತು. ಹೀಗೆ ದೇಶ ಒಬ್ಬೊಬ್ಬರನ್ನಾಗಿ ಆಟಗಾರರನ್ನು ಹೊರಗೆ ಕಳಿಸುತ್ತಿತ್ತು. ಹನ್ನೊಂದು ಜನರ ತಂಡ ಕಟ್ಟುವುದು ಮಾತ್ರ ಸಾಧ್ಯವಾಗಿರಲಿಲ್ಲ.

ಐದುರ್ ಅವರ ತಂದೆ ಅರ್ನೋರ್ ಗುಡ್ಯೋನ್ಸೆನ್ ಹೀಗೆ ಹೊರಟವರಲ್ಲಿ ಒಬ್ಬರು. ಮಗ ಹುಟ್ಟಿದಾಗ ಅವರ ವಯಸ್ಸು 17. ಅದೇ ವರ್ಷ ಬೆಲ್ಜಿಯಂನ ಲೋಕರೆನ್ ಕ್ಲಬ್ ಸೇರಿದರು, 1983ರಲ್ಲಿ ಆಂಡರ್ಲೆಕ್ಟ್‌ಗೆ ಹೋದರು. 1984ರ ಯುಇಎಫ್ಎ ಕಪ್ ಫೈನಲ್ ಲಂಡನ್ನಿನಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಪೆನಾಲ್ಟಿ ಶೂಟೌಟ್‌ಗೆ ಹೋದಾಗ ಆಂಡರ್ಲೆಕ್ಟ್‌ನ ಕೊನೆಯ ಹೊಡೆತ ಅವರದಾಗಿತ್ತು; ಗೋಲ್‌ಕೀಪರ್ ಟೋನಿ ಪಾರ್ಕ್ಸ್ ಅದನ್ನು ತಡೆದರು, ಕಪ್ ಟಾಟನ್‌ಹ್ಯಾಮ್ ಪಾಲಾಯಿತು. ಆ ಒಂದು ಹೊಡೆತದಿಂದಲೇ ಅವರನ್ನು ನೆನೆಯುವುದು ಅನ್ಯಾಯ. 1986–87ರಲ್ಲಿ 19 ಗೋಲು ಹೊಡೆದು ಬೆಲ್ಜಿಯಂ ಲೀಗಿನಲ್ಲಿ ಅತಿ ಹೆಚ್ಚು ಗೋಲು ಗಳಿಸಿದವರು ಅರ್ನೋರ್. 1991ರಲ್ಲಿ ಟರ್ಕಿಯನ್ನು ಐಸ್‌ಲ್ಯಾಂಡ್ 5–1ರಿಂದ ಸೋಲಿಸಿದಾಗ ನಾಲ್ಕು ಗೋಲು ಅವರವೇ. ಇಂಥ ಮನೆಯಲ್ಲಿ, ಬಾಲ್ಯದ ಬಹುಭಾಗವನ್ನು ಬೆಲ್ಜಿಯಂನಲ್ಲಿ ಕಳೆದು ಐದುರ್ ಬೆಳೆದರು.

ಟಾಲಿನ್, ಮತ್ತು ಮುರಿದ ಕಾಲು

1994ರಲ್ಲಿ, ಹದಿನಾರು ತುಂಬುವ ಮೊದಲೇ, ಐದುರ್ ರೇಕ್ಯಾವಿಕ್‌ನ ವಾಲುರ್ ಕ್ಲಬ್ಬಿನ ಹಿರಿಯರ ತಂಡದಲ್ಲಿ ಆಡತೊಡಗಿದರು. ಬೇಗನೇ ಹಾಲೆಂಡಿನ ಪಿಎಸ್‌ವಿ ಐಂಡ್‌ಹೋವನ್ ಅವರನ್ನು ಕರೆಸಿಕೊಂಡಿತು. ಅಲ್ಲಿ ಅವರ ಜೊತೆ ಅಭ್ಯಾಸ ಮಾಡುತ್ತಿದ್ದ ಇನ್ನೊಬ್ಬ ಎಳೆಯ ಸ್ಟ್ರೈಕರ್ ಬ್ರೆಜಿಲ್‌ನ ರೊನಾಲ್ಡೊ. ಇಬ್ಬರನ್ನೂ ಹತ್ತಿರದಿಂದ ಕಂಡವರು ಐಸ್‌ಲ್ಯಾಂಡಿನ ಹುಡುಗನ ಬಗ್ಗೆಯೂ ದೊಡ್ಡ ನಿರೀಕ್ಷೆ ಇಟ್ಟುಕೊಂಡಿದ್ದರು.

1996ರ ಏಪ್ರಿಲ್ 24ರಂದು ಎಸ್ಟೋನಿಯಾದ ರಾಜಧಾನಿ ಟಾಲಿನ್‌ನಲ್ಲಿ ಐಸ್‌ಲ್ಯಾಂಡ್ ಒಂದು ಸ್ನೇಹಪಂದ್ಯ ಆಡಿತು. ತಂಡದಲ್ಲಿ 34 ವರ್ಷದ ಅರ್ನೋರ್ ಇದ್ದರು, ಬದಲಿ ಆಟಗಾರರ ಬೆಂಚಿನಲ್ಲಿ 17 ವರ್ಷದ ಐದುರ್. 62ನೇ ನಿಮಿಷದಲ್ಲಿ ಅರ್ನೋರ್ ಹೊರಬಂದರು, ಗೆರೆಯ ಬಳಿ ಮಗನನ್ನು ತಬ್ಬಿಕೊಂಡರು, ಮಗ ಒಳಗೆ ಓಡಿದ. ಅಂತಾರಾಷ್ಟ್ರೀಯ ಪಂದ್ಯದಲ್ಲಿ ತಂದೆಯ ಜಾಗಕ್ಕೆ ಮಗ ಇಳಿದ ಈ ಘಟನೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಪಂದ್ಯವನ್ನು ಐಸ್‌ಲ್ಯಾಂಡ್ 3–0ರಿಂದ ಗೆದ್ದಿತು.

ಇಬ್ಬರೂ ಒಟ್ಟಿಗೆ ಅಂಗಳದಲ್ಲಿ ಇರಬಹುದಿತ್ತು. ತರಬೇತುದಾರ ಲೋಗಿ ಓಲಾಫ್ಸನ್ ಹಾಗೆ ಮಾಡದಿರಲು ಕಾರಣವಿತ್ತು: ತಂದೆ-ಮಗ ಜೊತೆಯಾಗಿ ಆಡುವ ಚರಿತ್ರಾರ್ಹ ಕ್ಷಣ ತವರಿನ ಪ್ರೇಕ್ಷಕರ ಮುಂದೆಯೇ ನಡೆಯಲಿ ಎಂದು ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಎಗ್ಗರ್ಟ್ ಮಾಗ್ನುಸ್ಸನ್ ಬಯಸಿದ್ದರು. ಜೂನ್‌ನಲ್ಲಿ ರೇಕ್ಯಾವಿಕ್‌ನಲ್ಲಿ ಮ್ಯಾಸಿಡೋನಿಯಾ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯವಿತ್ತು, ಅಲ್ಲಿಯವರೆಗೆ ಕಾದರಾಯಿತು ಎಂಬ ಲೆಕ್ಕಾಚಾರ. ಅಷ್ಟರೊಳಗೆ, ಟಾಲಿನ್ ಪಂದ್ಯವಾಗಿ ಕೆಲವೇ ವಾರಗಳಲ್ಲಿ, 18 ವರ್ಷದೊಳಗಿನವರ ತಂಡದ ಪರ ಐರ್ಲೆಂಡ್ ವಿರುದ್ಧ ಆಡುವಾಗ ಐದುರ್ ಅವರ ಪಾದದ ಗಂಟು ಮುರಿಯಿತು. ಅರ್ನೋರ್ 1997ರಲ್ಲಿ 73 ಪಂದ್ಯಗಳೊಂದಿಗೆ ರಾಷ್ಟ್ರೀಯ ತಂಡದಿಂದ ನಿವೃತ್ತರಾದರು. ತಂದೆ-ಮಗ ಜೊತೆಯಾಗಿ ಒಂದು ನಿಮಿಷವೂ ಆಡಲಿಲ್ಲ. ಬದುಕಿನಲ್ಲಿ ತಮಗಿರುವ ದೊಡ್ಡ ಕೊರಗು ಇದೇ ಎಂದು ಅರ್ನೋರ್ ಮುಂದೆ ಹೇಳಿಕೊಂಡಿದ್ದಾರೆ. ಆ ನಿರ್ಧಾರದ ಹಿಂದೆ ದುರುದ್ದೇಶವೇನೂ ಇರಲಿಲ್ಲ. ಆದರೆ ಆಟಗಾರನ ಕಾಲು ಸಮಾರಂಭದ ದಿನಾಂಕಕ್ಕೆ ಕಾಯುವುದಿಲ್ಲ ಎಂಬುದನ್ನು ಆಡಳಿತಗಾರರು ಯೋಚಿಸಬೇಕಿತ್ತು.

ಗಾಯ ಮಾಗಲು ಎರಡು ವರ್ಷಗಳೇ ಹಿಡಿದವು. ಪಿಎಸ್‌ವಿ ಜೊತೆಗಿನ ಒಪ್ಪಂದ ಮುಗಿಯಿತು. 1998ರಲ್ಲಿ ರೇಕ್ಯಾವಿಕ್‌ನ ಕೆಆರ್ ಕ್ಲಬ್ಬಿಗೆ ಮರಳಿದಾಗ ಅವರ ಮೈ ಭಾರವಾಗಿತ್ತು, ವೇಗ ತಗ್ಗಿತ್ತು. ಅಲ್ಲಿ ಅವರು ಆಡಿದ್ದು ಬೆರಳೆಣಿಕೆಯಷ್ಟು ಪಂದ್ಯಗಳನ್ನು. ಇಪ್ಪತ್ತು ತುಂಬುವ ಮೊದಲೇ ವೃತ್ತಿಜೀವನ ಮುಗಿಯಿತೇ ಎಂಬ ಪ್ರಶ್ನೆ ಎದ್ದಿತ್ತು.

ಬೋಲ್ಟನ್

1998ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗಿನಲ್ಲಿದ್ದ ಬೋಲ್ಟನ್ ವಾಂಡರರ್ಸ್ ಅವರಿಗೆ ಅವಕಾಶ ಕೊಟ್ಟಿತು. ಐಸ್‌ಲ್ಯಾಂಡಿನ ಹಿರಿಯ ಡಿಫೆಂಡರ್ ಗುಡ್ನಿ ಬೆರ್ಗ್ಸನ್ ಆಗಲೇ ಅಲ್ಲಿದ್ದರು. ಮೊದಲ ತಿಂಗಳುಗಳು ದೇಹವನ್ನು ಹದಕ್ಕೆ ತರುವುದರಲ್ಲೇ ಕಳೆದವು. 1999–2000ರ ಸೀಸನ್‌ನಲ್ಲಿ ಎಲ್ಲ ಸ್ಪರ್ಧೆಗಳೂ ಸೇರಿ 21 ಗೋಲು ಹೊಡೆದರು. ಆ ವರ್ಷ ಬೋಲ್ಟನ್ ಎಫ್ಎ ಕಪ್ ಮತ್ತು ಲೀಗ್ ಕಪ್ ಎರಡರಲ್ಲೂ ಸೆಮಿಫೈನಲ್ ತಲುಪಿತು, ಪ್ರೀಮಿಯರ್ ಲೀಗಿಗೆ ಬಡ್ತಿ ಪಡೆಯುವ ಪ್ಲೇ-ಆಫ್‌ಗೂ ಬಂತು, ಮೂರರಲ್ಲೂ ಸೋತಿತು. ಕ್ಲಬ್ ಬಡ್ತಿ ಪಡೆಯದಿದ್ದರೂ ಅದರ ಫಾರ್ವರ್ಡ್ ಪಡೆದರು. 2000ದ ಬೇಸಿಗೆಯಲ್ಲಿ ಸುಮಾರು 40 ಲಕ್ಷ ಪೌಂಡ್ ಕೊಟ್ಟು ಚೆಲ್ಸಿ ಅವರನ್ನು ಕೊಂಡಿತು.

ಚೆಲ್ಸಿ (2000–2006)

ಲಂಡನ್ನಿನ ಈ ಆರು ವರ್ಷಗಳು ಅವರ ವೃತ್ತಿಯ ಸುಗ್ಗಿಕಾಲ. ಅವರನ್ನು ಕರೆಸಿಕೊಂಡ ತರಬೇತುದಾರ ಜಾನ್‌ಲೂಕಾ ವಿಯಾಲಿ ಕೆಲವೇ ವಾರಗಳಲ್ಲಿ ಹುದ್ದೆ ಕಳೆದುಕೊಂಡರು. ಅವರ ಜಾಗಕ್ಕೆ ಬಂದ ಕ್ಲೌಡಿಯೊ ರನಿಯೇರಿ ಐದುರ್ ಅವರನ್ನು ಹಾಲೆಂಡಿನ ಜಿಮ್ಮಿ ಫ್ಲಾಯ್ಡ್ ಹ್ಯಾಸೆಲ್‌ಬ್ಯಾಂಕ್ ಪಕ್ಕದಲ್ಲಿ ಆಡಿಸಿದರು. ಹ್ಯಾಸೆಲ್‌ಬ್ಯಾಂಕ್ ಕಾಲಲ್ಲಿ ಸಿಡಿಲಿತ್ತು. ಎಲ್ಲಿಂದ ಬೇಕಾದರೂ ಗೋಲಿಗೆ ಹೊಡೆಯಬಲ್ಲರು. ಆ ಹೊಡೆತಕ್ಕೆ ಬೇಕಾದ ಜಾಗ ಬಿಡಿಸಿಕೊಡುವ ಕೆಲಸ ಐದುರ್ ಅವರದು. 2001–02ರಲ್ಲಿ ಇಬ್ಬರೂ ಸೇರಿ 50ಕ್ಕೂ ಹೆಚ್ಚು ಗೋಲು ಗಳಿಸಿದರು, ಅದರಲ್ಲಿ ಐದುರ್ ಅವರ ಪಾಲು 23.

2003ರ ಜನವರಿಯಲ್ಲಿ ಲೀಡ್ಸ್ ವಿರುದ್ಧ ಅವರು ಹೊಡೆದ ಗೋಲನ್ನು ಚೆಲ್ಸಿ ಅಭಿಮಾನಿಗಳು ಈಗಲೂ ಮಾತಾಡಿಕೊಳ್ಳುತ್ತಾರೆ. ಗೋಲಿಗೆ ಬೆನ್ನು ಹಾಕಿ ನಿಂತು, ಮೇಲಿಂದ ಬಂದ ಚೆಂಡಿಗೆ ಅಡ್ಡಲಾಗಿ ಗಾಳಿಯಲ್ಲಿ ಮಲಗಿ ತಲೆಯ ಮೇಲಿಂದ ಒದ್ದ ಬೈಸಿಕಲ್ ಕಿಕ್ ಅದು. ಆದರೆ ಅವರ ಆಟದ ಗುಣವನ್ನು ಅರಿಯಲು ನಾನು ಆರಿಸುವುದು ಬೇರೊಂದು ಗಳಿಗೆಯನ್ನು, ಅವರು ಗೋಲು ಹೊಡೆಯದ ಗಳಿಗೆಯನ್ನು.

2004ರ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್. ಎದುರಾಳಿ ಆರ್ಸೆನಲ್, ಆ ವರ್ಷದ ಲೀಗಿನಲ್ಲಿ ಒಂದು ಪಂದ್ಯವನ್ನೂ ಸೋಲದ ತಂಡ. ಸ್ಟ್ಯಾಂಫರ್ಡ್ ಬ್ರಿಜ್‌ನಲ್ಲಿ ನಡೆದ ಮೊದಲ ಚರಣದಲ್ಲಿ ಐದುರ್ ಒಂದು ಗೋಲು ಹೊಡೆದು ಪಂದ್ಯ 1–1ರಲ್ಲಿ ಮುಗಿದಿತ್ತು. ಏಪ್ರಿಲ್ 6ರಂದು ಹೈಬರಿಯಲ್ಲಿ ಎರಡನೆಯ ಚರಣವೂ 1–1ರಲ್ಲಿತ್ತು, 87ನೇ ನಿಮಿಷ. ಎಡ ಬ್ಯಾಕ್ ವೇಯ್ನ್ ಬ್ರಿಜ್ ಚೆಂಡಿನೊಂದಿಗೆ ಮುನ್ನುಗ್ಗಿ ಪೆನಾಲ್ಟಿ ಬಾಕ್ಸಿನ ಅಂಚಿನಲ್ಲಿದ್ದ ಐದುರ್ ಅವರಿಗೆ ಪಾಸ್ ಕೊಟ್ಟು ಓಟ ನಿಲ್ಲಿಸದೆ ಒಳನುಗ್ಗಿದರು. ಐದುರ್ ಚೆಂಡನ್ನು ತಡೆದು ನಿಲ್ಲಿಸಲಿಲ್ಲ, ತಿರುಗಲಿಲ್ಲ. ಬ್ರಿಜ್ ಇನ್ನೆರಡು ಹೆಜ್ಜೆಯಲ್ಲಿ ಎಲ್ಲಿರುತ್ತಾರೋ ಅಲ್ಲಿಗೆ ಮೆತ್ತಗೆ ಮರಳಿಸಿದರು. ಬ್ರಿಜ್ ಗೋಲು ಹೊಡೆದರು, ಆರ್ಸೆನಲ್ ಹೊರಬಿತ್ತು. ಚರಿತ್ರೆಯಲ್ಲಿ ಇದು ಬ್ರಿಜ್ ಅವರ ಗೋಲು. ಐದುರ್ ಕಾಲಿಗೆ ಚೆಂಡು ತಾಕಿದ್ದು ಅರೆಕ್ಷಣ. ಆ ಅರೆಕ್ಷಣದ ತಿಳಿವಳಿಕೆಯೇ ಅವರ ಬಂಡವಾಳ.

2003ರಲ್ಲಿ ರಷ್ಯಾದ ಸಿರಿವಂತ ರೋಮನ್ ಅಬ್ರಮೋವಿಚ್ ಚೆಲ್ಸಿಯನ್ನು ಕೊಂಡ ಮೇಲೆ ಹೊಸ ಹೊಸ ಸ್ಟ್ರೈಕರ್‌ಗಳು ಬಂದರು: ಕ್ರೆಸ್ಪೊ, ಮುಟು, ಮುಂದಿನ ವರ್ಷ ದ್ರೋಗ್ಬಾ. ಹಳಬರಲ್ಲಿ ಹಲವರು ಜಾಗ ಖಾಲಿ ಮಾಡಿದರು, ಐದುರ್ ಉಳಿದುಕೊಂಡರು. 2004ರಲ್ಲಿ ಬಂದ ತರಬೇತುದಾರ ಜೋಸೆ ಮೊರಿನ್ಯೊ ಅವರನ್ನು ಮುಂಚೂಣಿಯಲ್ಲೂ ಮಿಡ್‌ಫೀಲ್ಡಿನಲ್ಲೂ ಬಳಸಿದರು. ಆ ಅಕ್ಟೋಬರ್‌ನಲ್ಲಿ ಬ್ಲ್ಯಾಕ್‌ಬರ್ನ್ ವಿರುದ್ಧ ಐದುರ್ ಹ್ಯಾಟ್ರಿಕ್ ಸಾಧಿಸಿದರು. 2005ರ ಮಾರ್ಚ್ 8ರಂದು ಬಾರ್ಸಿಲೋನಾವನ್ನು ಚೆಲ್ಸಿ 4–2ರಿಂದ ಮಣಿಸಿದ ಪಂದ್ಯದಲ್ಲಿ ಎಂಟನೇ ನಿಮಿಷದಲ್ಲೇ ಮೊದಲ ಗೋಲು ಅವರದು. ಏಪ್ರಿಲ್ 30ರಂದು ಚೆಲ್ಸಿ 50 ವರ್ಷಗಳ ನಂತರ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಆ ಗೆಲುವು ಬಂದದ್ದು ಐದುರ್ ಅವರನ್ನು ಮತ್ತೆ ನಿಲ್ಲಿಸಿದ ಬೋಲ್ಟನ್ ಊರಿನಲ್ಲೇ.

ಮೂರೇ ದಿನಗಳಲ್ಲಿ ಅವರ ವೃತ್ತಿಯ ಅತಿ ಕಹಿ ಗಳಿಗೆಯೂ ಎದುರಾಯಿತು. ಆನ್‌ಫೀಲ್ಡಿನಲ್ಲಿ ಲಿವರ್‌ಪೂಲ್ ವಿರುದ್ಧ ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಲೂಯಿಸ್ ಗಾರ್ಸಿಯಾ ಹೊಡೆದ ಚೆಂಡು ಗೆರೆ ದಾಟಿತೋ ಇಲ್ಲವೋ ಎಂದು ಇಂದಿಗೂ ತೀರದ ವಾದವಿರುವ ಗೋಲಿನಿಂದ ಲಿವರ್‌ಪೂಲ್ 1–0 ಮುಂದಿತ್ತು. ಪಂದ್ಯದ ಕೊನೆಗೆ ಸೇರಿಸಿದ ಸಮಯದ ಆರನೇ ನಿಮಿಷದಲ್ಲಿ ಚೆಂಡು ಬಾಕ್ಸಿನೊಳಗೆ ಐದುರ್ ಅವರ ಕಾಲಿಗೆ ಬಿತ್ತು. ಒಂದು ಗೋಲು ಸಾಕಾಗಿತ್ತು. ಅವರ ಹೊಡೆತ ಗೋಲಿನ ಮುಂದಿನಿಂದ ಹಾದು ಹೊರಗೆ ಹೋಯಿತು.

ಮರುವರ್ಷ ಚೆಲ್ಸಿ ಮತ್ತೆ ಲೀಗ್ ಗೆದ್ದಿತು. ಆದರೆ ಐದುರ್ ಹೆಚ್ಚಾಗಿ ಮಿಡ್‌ಫೀಲ್ಡಿನಲ್ಲಿ ಆಡಿದ್ದರಿಂದ ಅವರ ಗೋಲುಗಳು ಕಡಿಮೆಯಾದವು. ಚೆಲ್ಸಿಗಾಗಿ ಒಟ್ಟು 263 ಪಂದ್ಯಗಳು, 78 ಗೋಲುಗಳು. 2004 ಮತ್ತು 2005ರಲ್ಲಿ ಅವರು ಐಸ್‌ಲ್ಯಾಂಡಿನ ವರ್ಷದ ಕ್ರೀಡಾಪಟು ಎನಿಸಿದರು. 1987ರಲ್ಲಿ ಅದೇ ಗೌರವ ಅವರ ತಂದೆಗೆ ಸಂದಿತ್ತು.

ಆಟದ ಶೈಲಿ

ಮುರಿದ ಪಾದದಿಂದಾಗಿ ಐದುರ್ ಹದಿನೇಳನೇ ವಯಸ್ಸಿನಲ್ಲಿದ್ದ ವೇಗವನ್ನು ಕಳೆದುಕೊಂಡರು. ಆಮೇಲಿನ ಆಟವೆಲ್ಲ ಆ ಕೊರತೆಯನ್ನು ಬುದ್ಧಿಯಿಂದ ತುಂಬಿಸಿಕೊಂಡದ್ದು. ಓಡಿ ಎದುರಾಳಿಯನ್ನು ಹಿಂದೆ ಹಾಕುವ ಬದಲು ಡಿಫೆಂಡರ್‌ಗಳಿಗೂ ಮಿಡ್‌ಫೀಲ್ಡರ್‌ಗಳಿಗೂ ನಡುವೆ ಯಾರೂ ಕಾಯದ ತಾಣದಲ್ಲಿ ಹೋಗಿ ನಿಲ್ಲುತ್ತಿದ್ದರು. ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡುವ ರೂಢಿ, ಮೊದಲ ಸ್ಪರ್ಶದಲ್ಲೇ ಚೆಂಡನ್ನು ಎದುರಾಳಿಯ ಕಾಲಿನಿಂದ ದೂರ ಸರಿಸುವ ನಯ, ಎರಡೂ ಕಾಲಿನ ಬಳಕೆ, ಇವು ಅವರ ಆಟದ ಲಕ್ಷಣಗಳು. ಎತ್ತರವಾಗಿ, ಗಟ್ಟಿಮುಟ್ಟಾಗಿದ್ದರಿಂದ ಬೆನ್ನಿಗೆ ಡಿಫೆಂಡರ್ ಒತ್ತಿ ನಿಂತಿದ್ದರೂ ಚೆಂಡನ್ನು ಕಾಪಾಡಿಕೊಳ್ಳಬಲ್ಲವರಾಗಿದ್ದರು.

ಇಂಥ ಆಟಗಾರನನ್ನು ಗೋಲಿನ ಅಂಕಿಗಳಲ್ಲಿ ಅಳೆದರೆ ಅನ್ಯಾಯವಾಗುತ್ತದೆ. ಅವರ ನಿಜವಾದ ಬೆಲೆ ಪಕ್ಕದಲ್ಲಿ ಆಡಿದವರ ಲೆಕ್ಕದಲ್ಲಿ ಅಡಗಿದೆ: ಹ್ಯಾಸೆಲ್‌ಬ್ಯಾಂಕ್ ಅವರ ಗೋಲುಗಳಲ್ಲಿ, ಹಿಂದಿನಿಂದ ಓಡಿಬಂದು ಗೋಲು ಹೊಡೆಯುತ್ತಿದ್ದ ಫ್ರ್ಯಾಂಕ್ ಲ್ಯಾಂಪಾರ್ಡ್ ಅವರ ಗೋಲುಗಳಲ್ಲಿ. ರಾಷ್ಟ್ರೀಯ ತಂಡದಲ್ಲಿ ಅವರ ಕಷ್ಟವೂ ಇಲ್ಲೇ ಇತ್ತು. ಇತರರ ಓಟವನ್ನು ಅರಿತು ಪಾಸ್ ಕೊಡುವುದು ಅವರ ಕಲೆ. ಆದರೆ ಐಸ್‌ಲ್ಯಾಂಡ್ ಬಹುಕಾಲ ತನ್ನ ಗೋಲಿನ ಮುಂದೆ ಗುಂಪುಗೂಡಿ ಕಾಯುತ್ತಿದ್ದ ತಂಡ. ಅವರ ಕಾಲಿಗೆ ಚೆಂಡು ಸಿಕ್ಕಾಗ ಮುಂದೆ ಓಡುವವರೇ ಇರುತ್ತಿರಲಿಲ್ಲ.

ಬಾರ್ಸಿಲೋನಾ (2006–2009)

2006ರ ಜೂನ್‌ನಲ್ಲಿ, ಆಗಷ್ಟೇ ಯುರೋಪಿನ ಚಾಂಪಿಯನ್ ಆಗಿದ್ದ ಬಾರ್ಸಿಲೋನಾ ಅವರನ್ನು ಕೊಂಡಿತು. ಹೆನ್ರಿಕ್ ಲಾರ್ಸನ್ ಬಿಟ್ಟುಹೋದ ಏಳನೇ ನಂಬರಿನ ಅಂಗಿ ಅವರಿಗೆ ಸಿಕ್ಕಿತು. ಲೀಗಿನ ಮೊದಲ ಪಂದ್ಯದಲ್ಲೇ ಸೆಲ್ಟಾ ವಿಗೊ ವಿರುದ್ಧ ಕೊನೆಯ ನಿಮಿಷಗಳಲ್ಲಿ ಗೆಲುವಿನ ಗೋಲು ಹೊಡೆದರು. ಎಟೊ ಮತ್ತು ಮೆಸ್ಸಿ ಗಾಯಗೊಂಡಿದ್ದ ಆ ಚಳಿಗಾಲದಲ್ಲಿ ಅವರಿಗೆ ಸಾಕಷ್ಟು ಅವಕಾಶವೂ ದೊರೆಯಿತು. ಅಕ್ಟೋಬರ್‌ನಲ್ಲಿ ಕ್ಯಾಂಪ್ ನೌ ಅಂಗಳದಲ್ಲಿ ತಮ್ಮ ಹಳೆಯ ಚೆಲ್ಸಿ ವಿರುದ್ಧವೇ ಗೋಲು ಗಳಿಸಿದರು.

ಮುಂದೆ ಹೆನ್ರಿ ಬಂದರು, ಮೆಸ್ಸಿ ಬೆಳೆದರು. ಐದುರ್ ಕ್ರಮೇಣ ಶಾವಿ, ಇನಿಯೆಸ್ತಾ ಅವರ ಬದಲಿಯಾಗಿ ಮಿಡ್‌ಫೀಲ್ಡಿಗೆ ಸರಿದರು. 2008ರಲ್ಲಿ ಪೆಪ್ ಗಾರ್ಡಿಯೊಲಾ ತರಬೇತುದಾರರಾದಾಗ ದೊಡ್ಡ ಹೆಸರುಗಳನ್ನೇ ಹೊರಗೆ ಕಳಿಸಿದರು, ಐದುರ್ ಅವರನ್ನು ಉಳಿಸಿಕೊಂಡರು. 2008–09ರಲ್ಲಿ ಬಾರ್ಸಿಲೋನಾ ಲೀಗ್, ಕಿಂಗ್ಸ್ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದಿತು. 2009ರ ಮೇ 27ರಂದು ರೋಮ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಫೈನಲ್ಲಿನಲ್ಲಿ ಅವರು ಬೆಂಚಿನಲ್ಲಿದ್ದರು, ಅಂಗಳಕ್ಕೆ ಇಳಿಯಲಿಲ್ಲ. ಬಾರ್ಸಿಲೋನಾಗೆ ಅವರು ಆಡಿದ್ದು 114 ಪಂದ್ಯ, ಹೊಡೆದದ್ದು 19 ಗೋಲು. ಬೆಂಚಿನ ಮೇಲೆ ಕೂತು ಗೆದ್ದ ಪದಕ ಎಂದು ಹಗುರವಾಗಿ ಮಾತಾಡುವವರಿದ್ದಾರೆ. ಈ ಆಟದ ಚರಿತ್ರೆಯಲ್ಲೇ ಶ್ರೇಷ್ಠವೆನ್ನಬಹುದಾದ ಒಂದು ತಂಡದಲ್ಲಿ ಮೂರು ವರ್ಷ ಜಾಗ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನು ಅವರು ಮರೆತಿರುತ್ತಾರೆ.

ಅಲೆದಾಟದ ವರ್ಷಗಳು

ಆಮೇಲಿನ ಏಳೆಂಟು ವರ್ಷಗಳ ಕ್ಲಬ್ ಚರಿತ್ರೆಯನ್ನು ಬೇಗ ಹೇಳಿ ಮುಗಿಸಬಹುದು. 2009ರಲ್ಲಿ ಮೊನಾಕೊಗೆ ಹೋದರು, ಒಂದು ಗೋಲೂ ಬರಲಿಲ್ಲ. 2010ರ ಆರಂಭದಲ್ಲಿ ಎರವಲಿನ ಮೇಲೆ ಟಾಟನ್‌ಹ್ಯಾಮ್, ಅಂದರೆ 1984ರಲ್ಲಿ ತಂದೆಯ ಪೆನಾಲ್ಟಿ ತಡೆದು ಕಪ್ ಗೆದ್ದಿದ್ದ ಕ್ಲಬ್. ನಂತರ ಸ್ಟೋಕ್ ಸಿಟಿ, ಅಲ್ಲಿಂದ ಫುಲ್‌ಹ್ಯಾಮ್. 2011ರಲ್ಲಿ ಗ್ರೀಸಿನ ಎಇಕೆ ಅಥೆನ್ಸ್ ಸೇರಿದರು. ಅಕ್ಟೋಬರ್‌ನಲ್ಲಿ ಒಲಿಂಪಿಯಾಕೋಸ್ ವಿರುದ್ಧ ಆಡುವಾಗ ಕಾಲು ಮುರಿಯಿತು. 2012ರಲ್ಲಿ ಬಾಲ್ಯದ ನೆಲವಾದ ಬೆಲ್ಜಿಯಂಗೆ ಮರಳಿ ಮೊದಲು ಸೆರ್ಕಲ್ ಬ್ರೂಗೆಯಲ್ಲಿ, ಬಳಿಕ ಅದೇ ಊರಿನ ದೊಡ್ಡ ಕ್ಲಬ್ಬಾದ ಕ್ಲಬ್ ಬ್ರೂಗೆಯಲ್ಲಿ ಆಡಿದರು. 2014ರ ಡಿಸೆಂಬರ್‌ನಲ್ಲಿ, ಹದಿನಾಲ್ಕು ವರ್ಷಗಳ ನಂತರ, ಬೋಲ್ಟನ್‌ಗೆ ವಾಪಸು ಬಂದರು. ಮುಂದಿನ ಫೆಬ್ರವರಿಯಲ್ಲಿ ಎಫ್ಎ ಕಪ್ಪಿನಲ್ಲಿ ಲಿವರ್‌ಪೂಲ್ ವಿರುದ್ಧ ಪೆನಾಲ್ಟಿಯಿಂದ ಗೋಲು ಹೊಡೆದಾಗ ಬೋಲ್ಟನ್ ಪ್ರೇಕ್ಷಕರಿಗೆ ತಮ್ಮ ಹಳೆಯ ಹುಡುಗ ಸಿಕ್ಕಿದಂತಾಯಿತು. 2015ರಲ್ಲಿ ಚೀನಾದ ಷಿಜಿಯಾಜ್ವಾಂಗ್ ಕ್ಲಬ್, 2016ರಲ್ಲಿ ನಾರ್ವೆಯ ಮೋಲ್ದೆ.

ಕೊನೆಯ ಒಪ್ಪಂದ ಭಾರತದ್ದು. 2016ರ ಆಗಸ್ಟ್‌ನಲ್ಲಿ ಇಂಡಿಯನ್ ಸೂಪರ್ ಲೀಗಿನ ಎಫ್‌ಸಿ ಪುಣೆ ಸಿಟಿ ಅವರನ್ನು ಮಾರ್ಕಿ ಆಟಗಾರನಾಗಿ ಸೇರಿಸಿಕೊಂಡಿತು. ಯುರೋ ಟೂರ್ನಿ ಆಡಿ ಬರುತ್ತಿದ್ದ ಅವರನ್ನು ನೋಡಲು ಇಲ್ಲಿನ ಫುಟ್‌ಬಾಲ್ ಪ್ರಿಯರು ಕಾದಿದ್ದರು. ಲೀಗ್ ಶುರುವಾಗುವ ಮೊದಲಿನ ತಯಾರಿಯಲ್ಲೇ ಗಾಯಗೊಂಡರು, ಪುಣೆ ಅವರ ಬದಲಿಗೆ ಮೊಹಮದ್ ಸಿಸೊಕೊ ಅವರನ್ನು ಕರೆಸಿತು. ಭಾರತದ ಅಂಗಳದಲ್ಲಿ ಐದುರ್ ಲೀಗಿನ ಒಂದು ಪಂದ್ಯವನ್ನೂ ಆಡಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದರು.

ರಾಷ್ಟ್ರೀಯ ತಂಡ

ಟಾಲಿನ್ ಪಂದ್ಯದ ನಂತರ ಅವರು ರಾಷ್ಟ್ರೀಯ ತಂಡಕ್ಕೆ ಗೋಲು ಹೊಡೆಯಲು ಮೂರು ವರ್ಷ ಬೇಕಾಯಿತು. 1999ರ ಸೆಪ್ಟೆಂಬರ್‌ನಲ್ಲಿ ಅಂಡೋರಾ ವಿರುದ್ಧ ಮೊದಲ ಗೋಲು ಬಂತು. ಅಲ್ಲಿಂದ ಮುಂದೆ ಒಂದು ದಶಕ ತಂಡದ ದಾಳಿಯ ಭಾರವೆಲ್ಲ ಅವರ ಮೇಲಿತ್ತು. ಹಲವು ವರ್ಷ ನಾಯಕರೂ ಆಗಿದ್ದರು.

ಯುರೋ 2004ರ ಅರ್ಹತಾ ಸುತ್ತಿನಲ್ಲಿ ಗುರಿ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. 2003ರ ಸೆಪ್ಟೆಂಬರ್ 6ರಂದು ರೇಕ್ಯಾವಿಕ್‌ನಲ್ಲಿ, ಹಿಂದಿನ ವರ್ಷವಷ್ಟೇ ವಿಶ್ವಕಪ್ ಫೈನಲ್ ಆಡಿದ್ದ ಜರ್ಮನಿಯನ್ನು ಐಸ್‌ಲ್ಯಾಂಡ್ 0–0ಕ್ಕೆ ಹಿಡಿದು ನಿಲ್ಲಿಸಿತು. ಜರ್ಮನ್ ತರಬೇತುದಾರ ರೂಡಿ ಫೋಲರ್ ಅಂದು ಟಿವಿಯ ನೇರ ಪ್ರಸಾರದಲ್ಲಿ ಟೀಕಾಕಾರರ ಮೇಲೆ ಹರಿಹಾಯ್ದದ್ದು ಜರ್ಮನಿಯಲ್ಲಿ ಮನೆಮಾತಾಗಿದೆ. ಆದರೆ ಕೊನೆಯ ಪಂದ್ಯದಲ್ಲಿ ಹ್ಯಾಂಬರ್ಗ್‌ನಲ್ಲಿ ಅದೇ ಜರ್ಮನಿ 3–0ರಿಂದ ಗೆದ್ದಿತು. ಐಸ್‌ಲ್ಯಾಂಡ್‌ಗೆ 13 ಅಂಕ, ಎರಡನೇ ಸ್ಥಾನದ ಸ್ಕಾಟ್ಲೆಂಡ್‌ಗೆ 14. ಪ್ಲೇ-ಆಫ್ ಅವಕಾಶ ಕೈತಪ್ಪಿದ್ದು ಒಂದೇ ಅಂಕದಿಂದ. ಐದುರ್ ಅವರಿಗೆ ಆಗ 25 ವರ್ಷ, ಆಟದ ಉತ್ತುಂಗದಲ್ಲಿದ್ದರು.

ಮರುವರ್ಷ ಆಗಸ್ಟ್ 18ರಂದು ಇಟಲಿ ರೇಕ್ಯಾವಿಕ್‌ಗೆ ಸ್ನೇಹಪಂದ್ಯಕ್ಕೆ ಬಂತು. ಮಾರ್ಚೆಲೊ ಲಿಪ್ಪಿ ತರಬೇತುದಾರರಾಗಿ ಕಂಡ ಮೊದಲ ಪಂದ್ಯ ಅದು. ಲೌಗರ್‌ದಾಲ್ಸ್‌ವೋಲುರ್ ಕ್ರೀಡಾಂಗಣದಲ್ಲಿ ದಾಖಲೆಯ 20,204 ಜನ ಸೇರಿದ್ದರು. 17ನೇ ನಿಮಿಷದಲ್ಲಿ ಐದುರ್ ಗೋಲು ಹೊಡೆದರು, ಎರಡೇ ನಿಮಿಷದಲ್ಲಿ ಗಿಲ್ವಿ ಐನಾರ್ಸನ್ ಇನ್ನೊಂದು ಸೇರಿಸಿದರು, ಐಸ್‌ಲ್ಯಾಂಡ್ 2–0ರಿಂದ ಗೆದ್ದಿತು. ಎರಡು ವರ್ಷದಲ್ಲಿ ಲಿಪ್ಪಿಯವರ ಇಟಲಿ ವಿಶ್ವಕಪ್ ಎತ್ತಿಹಿಡಿಯಿತು. ಐಸ್‌ಲ್ಯಾಂಡ್ ಆ ಟೂರ್ನಿಯ ಹತ್ತಿರವೂ ಸುಳಿಯಲಿಲ್ಲ. 2007ರ ಅಕ್ಟೋಬರ್‌ನಲ್ಲಿ ಲಾಟ್ವಿಯಾ ವಿರುದ್ಧ ಐದುರ್ ಎರಡು ಗೋಲು ಹೊಡೆದು ರಿಕ್ಹಾರ್ಡುರ್ ಯೋನ್ಸನ್ ದಾಖಲೆಯನ್ನು ಮುರಿದರು. ದಾಖಲೆಯ ಆ ದಿನವೂ ತವರಿನಲ್ಲೇ ತಂಡ 4–2ರಿಂದ ಸೋತಿತು. ಅವರ ಕಾಲದ ಐಸ್‌ಲ್ಯಾಂಡ್ ಹೇಗಿತ್ತು ಎಂಬುದಕ್ಕೆ ಆ ಒಂದು ಪಂದ್ಯವೇ ಸಾಕ್ಷಿ.

ಅಷ್ಟರಲ್ಲಿ ದೇಶದೊಳಗೆ ಬೇರೆಯದೇ ಕೆಲಸ ನಡೆದಿತ್ತು. 2000ದಿಂದ ಊರೂರಿನಲ್ಲಿ ಬಿಸಿಯಾದ ಒಳಾಂಗಣ ಫುಟ್‌ಬಾಲ್ ಅಂಗಳಗಳು ಎದ್ದವು, ಶಾಲಾ ಮಕ್ಕಳಿಗೂ ಯುಇಎಫ್ಎ ಪರವಾನಗಿ ಪಡೆದ ತರಬೇತುದಾರರೇ ಸಿಗತೊಡಗಿದರು. ಚಳಿಗಾಲದಲ್ಲೂ ಆಡಿ ಬೆಳೆದ ಹುಡುಗರು, ಗಿಲ್ವಿ ಸಿಗುರ್ಡ್ಸನ್, ಕೊಲ್‌ಬೇನ್ ಸಿಗ್ಥೋರ್ಸನ್, ಅರೋನ್ ಗುನ್ನಾರ್ಸನ್, ಬಿರ್ಕಿರ್ ಬ್ಯಾರ್ನಸನ್, 2011ರಲ್ಲಿ 21 ವರ್ಷದೊಳಗಿನವರ ಯುರೋ ಟೂರ್ನಿ ಆಡಿದರು. ಆ ವರ್ಷಾಂತ್ಯದಲ್ಲಿ ಸ್ವೀಡನ್ನಿನ ಲಾರ್ಸ್ ಲಾಗರ್‌ಬ್ಯಾಕ್ ತರಬೇತುದಾರರಾಗಿ ನೇಮಕಗೊಂಡರು. ಜೊತೆಗೆ ವೃತ್ತಿಯಲ್ಲಿ ದಂತವೈದ್ಯರಾಗಿದ್ದ ಹೇಮಿರ್ ಹಾಲ್‌ಗ್ರಿಮ್ಸನ್. ಐದುರ್ ಮುವ್ವತ್ತು ದಾಟಿದ ಮೇಲೆ ಅವರ ಸುತ್ತ ಕೊನೆಗೂ ಒಂದು ತಂಡ ಮೂಡಿತು.

2014ರ ವಿಶ್ವಕಪ್ಪಿಗಾಗಿ ಐಸ್‌ಲ್ಯಾಂಡ್ ಪ್ಲೇ-ಆಫ್ ತಲುಪಿ ಕ್ರೊಯೇಷಿಯಾವನ್ನು ಎದುರಿಸಿತು. ರೇಕ್ಯಾವಿಕ್‌ನಲ್ಲಿ 0–0, 2013ರ ನವೆಂಬರ್ 19ರಂದು ಝಾಗ್ರೆಬ್‌ನಲ್ಲಿ 2–0 ಸೋಲು. ಪಂದ್ಯ ಮುಗಿದ ಮೇಲೆ ಟಿವಿ ವರದಿಗಾರನ ಮುಂದೆ ನಿಂತ ಐದುರ್, ದೇಶಕ್ಕಾಗಿ ತಮ್ಮ ಕೊನೆಯ ಪಂದ್ಯ ಬಹುಶಃ ಇದೇ ಎಂದು ಹೇಳುತ್ತಲೇ ಅತ್ತುಬಿಟ್ಟರು. ಅದನ್ನು ನೋಡಿದ ದೇಶವೂ ಹಾಗೆಂದೇ ನಂಬಿತು.

ಆದರೆ 2015ರ ಮಾರ್ಚ್‌ನಲ್ಲಿ ಕಜಕಸ್ತಾನದ ಅಸ್ತಾನಾದಲ್ಲಿ ನಡೆದ ಯುರೋ ಅರ್ಹತಾ ಪಂದ್ಯಕ್ಕೆ ಅವರನ್ನು ಮತ್ತೆ ಕರೆದರು. ಮೊದಲ ಗೋಲು ಅವರದೇ, 3–0 ಗೆಲುವು. ಅದು ಅವರ 26ನೇ ಹಾಗೂ ಕೊನೆಯ ಅಂತಾರಾಷ್ಟ್ರೀಯ ಗೋಲು. ಹಾಲೆಂಡನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿದ್ದ ಐಸ್‌ಲ್ಯಾಂಡ್ ಆ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿಗೆ ಯುರೋ ಟೂರ್ನಿಗೆ ಅರ್ಹತೆ ಪಡೆಯಿತು.

2016ರ ಜೂನ್ 18, ಮಾರ್ಸೆಲ್. ಹಂಗೆರಿ ವಿರುದ್ಧ ಐಸ್‌ಲ್ಯಾಂಡ್ 1–0 ಮುಂದಿದ್ದಾಗ, 84ನೇ ನಿಮಿಷದಲ್ಲಿ ಐದುರ್ ಅಂಗಳಕ್ಕಿಳಿದರು. ಟಾಲಿನ್‌ನ ಆ ದಿನದಿಂದ 20 ವರ್ಷ ಕಳೆದಿತ್ತು. ನಾಲ್ಕೇ ನಿಮಿಷದಲ್ಲಿ ತಮ್ಮವರದೇ ಕಾಲಿನಿಂದ ಗೋಲಾಗಿ ಪಂದ್ಯ ಸಮವಾಯಿತು. ಕೊನೆಯ ಗಳಿಗೆಯಲ್ಲಿ ಫ್ರೀ ಕಿಕ್ ಎದುರಾಳಿಗಳ ಗೋಡೆಗೆ ಬಡಿದು ಐದುರ್ ಅವರೆಡೆಗೆ ಬಂತು; ಅವರ ಹೊಡೆತ ಯಾರಿಗೋ ತಾಗಿ ಗೋಲುಕಂಬದ ಪಕ್ಕದಿಂದ ಹೊರಗೆ ಸರಿಯಿತು. ನೀಸ್‌ನಲ್ಲಿ ಇಂಗ್ಲೆಂಡನ್ನು 2–1ರಿಂದ ಸೋಲಿಸಿ ಜಗತ್ತನ್ನೇ ಬೆರಗುಗೊಳಿಸಿದ ಪಂದ್ಯದಲ್ಲಿ ಅವರಿಗೆ ಅವಕಾಶ ಬರಲಿಲ್ಲ. ಜುಲೈ 3ರಂದು ಪ್ಯಾರಿಸ್ ಬಳಿಯ ಸ್ಟಾಡ್ ಡಿ ಫ್ರಾನ್ಸ್‌ನಲ್ಲಿ ಕ್ವಾರ್ಟರ್ ಫೈನಲ್; ಆತಿಥೇಯ ಫ್ರಾನ್ಸ್ ಅರ್ಧ ಹೊತ್ತಿಗೇ 4–0 ಮುಂದಿತ್ತು. 83ನೇ ನಿಮಿಷದಲ್ಲಿ ಐದುರ್ ಬಂದಾಗ ನಾಯಕ ಅರೋನ್ ಗುನ್ನಾರ್ಸನ್ ತಮ್ಮ ತೋಳಪಟ್ಟಿಯನ್ನು ಬಿಚ್ಚಿ ಅವರಿಗೆ ಕಟ್ಟಿದರು. ಸೋಲು ಖಚಿತವಾಗಿದ್ದ ಪಂದ್ಯದಲ್ಲಿ, ಯಾರೂ ಕೇಳದೆ, ಕಿರಿಯ ನಾಯಕ ತೋರಿದ ಆ ಗೌರವಕ್ಕಿಂತ ದೊಡ್ಡ ಬೀಳ್ಕೊಡುಗೆ ಬೇಕಿರಲಿಲ್ಲ. ಪಂದ್ಯ 5–2ರಲ್ಲಿ ಮುಗಿಯಿತು. ಅದೇ ಅವರ 88ನೆಯ, ಕೊನೆಯ ಅಂತಾರಾಷ್ಟ್ರೀಯ ಪಂದ್ಯ.

ಎರಡು ವರ್ಷಗಳ ನಂತರ ಐಸ್‌ಲ್ಯಾಂಡ್ ವಿಶ್ವಕಪ್ಪಿಗೂ ಹೋಯಿತು. ಅಲ್ಲಿಯವರೆಗೆ ವಿಶ್ವಕಪ್ ಆಡಿದ ದೇಶಗಳಲ್ಲೇ ಅತಿ ಕಡಿಮೆ ಜನರಿದ್ದ ದೇಶ ಅದು. ಐದುರ್ ಅವರ 26 ಗೋಲುಗಳನ್ನು ಕೊಲ್‌ಬೇನ್ ಸರಿಗಟ್ಟಿದರು, 2023ರ ಅಕ್ಟೋಬರ್‌ನಲ್ಲಿ ಲಿಖ್ಟೆನ್‌ಸ್ಟೈನ್ ವಿರುದ್ಧ ಗಿಲ್ವಿ ಸಿಗುರ್ಡ್ಸನ್ ಅದನ್ನು ದಾಟಿದರು.

ನಿವೃತ್ತಿಯ ನಂತರ

2020ರ ಬೇಸಿಗೆಯಲ್ಲಿ ಐದುರ್ ಹಾಫ್ನಾರ್‌ಫ್ಯೋರ್ದುರ್ ಪಟ್ಟಣದ ಎಫ್‌ಎಚ್ ಕ್ಲಬ್ಬಿನ ತರಬೇತುದಾರರಾದರು. ಜೊತೆಗಿದ್ದವರು ಟಾಲಿನ್‌ನಲ್ಲಿ ಅವರನ್ನು ಮೊದಲು ಅಂಗಳಕ್ಕಿಳಿಸಿದ್ದ ಲೋಗಿ ಓಲಾಫ್ಸನ್. ಅದೇ ವರ್ಷದ ಕೊನೆಗೆ ರಾಷ್ಟ್ರೀಯ ತಂಡದ ಸಹಾಯಕ ತರಬೇತುದಾರರಾಗಿ ನೇಮಕಗೊಂಡು ಸುಮಾರು ಒಂದು ವರ್ಷ ಆ ಹುದ್ದೆಯಲ್ಲಿದ್ದರು. 2022ರಲ್ಲಿ ಮತ್ತೆ ಕೆಲವು ತಿಂಗಳು ಎಫ್‌ಎಚ್ ತಂಡವನ್ನು ನೋಡಿಕೊಂಡರು.

ಅವರ ಮೂವರು ಗಂಡುಮಕ್ಕಳಾದ ಸ್ವೇನ್ ಅರೋನ್, ಆಂಡ್ರಿ ಲೂಕಾಸ್ ಮತ್ತು ಡೇನಿಯಲ್ ಟ್ರಿಸ್ಟನ್ ವೃತ್ತಿಪರ ಫುಟ್‌ಬಾಲ್ ಆಟಗಾರರು. 2021ರ ಅಕ್ಟೋಬರ್ 11ರಂದು ರೇಕ್ಯಾವಿಕ್‌ನಲ್ಲಿ ಲಿಖ್ಟೆನ್‌ಸ್ಟೈನ್ ವಿರುದ್ಧ ಐಸ್‌ಲ್ಯಾಂಡ್ 4–0ರಿಂದ ಗೆದ್ದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಸ್ವೇನ್ ಅರೋನ್ ಕೊಟ್ಟ ಚೆಂಡನ್ನು ಆಂಡ್ರಿ ಲೂಕಾಸ್ ಗೋಲಿಗಟ್ಟಿದರು. ಸಹಾಯಕ ತರಬೇತುದಾರರ ಜಾಗದಲ್ಲಿ ಅಂದು ಐದುರ್ ಇದ್ದರು.